ಹದಿನಾರು ಸಾಲು ಚುಕ್ಕಿಗಳಲ್ಲಿ ನಾಲ್ಕು ಊರುಗಳ ಹೆಸರು

ಅಕ್ಷರವನ್ನು ಪರದೆಯ ಮೇಲಾಗಲಿ, ದೀಪದ ಫಲಕದ ಮೇಲಾಗಲಿ ಮೂಡಿಸಲು ಎರಡು ದಾರಿಗಳಿವೆ. ಅಕ್ಷರದ ಹೊರರೇಖೆಯನ್ನು ಗಣಿತದ ವಕ್ರರೇಖೆಗಳಾಗಿ ಬರೆದಿಟ್ಟುಕೊಂಡು, ಬೇಕಾದ ಗಾತ್ರಕ್ಕೆ ಹಿಗ್ಗಿಸಿ ಇಲ್ಲವೆ ಕುಗ್ಗಿಸಿ, ಆಮೇಲೆ ಅದರ ಒಡಲನ್ನು ಬಣ್ಣದಿಂದ ತುಂಬುವುದು ಒಂದು ದಾರಿ. ಇಂದು ಪುಸ್ತಕ, ಪತ್ರಿಕೆ, ಮೊಬೈಲುಗಳಲ್ಲಿ ಕಾಣುವ ಬಹುಪಾಲು ಅಕ್ಷರಗಳು ಹೀಗೆ ಹುಟ್ಟಿದವು. ಇನ್ನೊಂದು ಇದಕ್ಕಿಂತ ಹಳೆಯದು: ಅಡ್ಡ ಮತ್ತು ಉದ್ದ ಗೆರೆಗಳ ಜಾಲವೊಂದನ್ನು ಇಟ್ಟುಕೊಂಡು, ಅದರ ಯಾವ ಮನೆ ತುಂಬಿರಬೇಕು, ಯಾವುದು ಖಾಲಿ ಇರಬೇಕು ಎಂಬುದನ್ನು ವಿನ್ಯಾಸಕಾರ ಒಂದೊಂದಾಗಿ ಗೊತ್ತುಪಡಿಸುವುದು. ಈ ಮನೆಗಳಿಗೆ ಪಿಕ್ಸೆಲ್ ಎಂದೂ, ಕನ್ನಡದಲ್ಲಿ ಸರಳವಾಗಿ ಚುಕ್ಕಿ ಎಂದೂ ಹೆಸರು; ಹೀಗೆ ಚುಕ್ಕಿ ಚುಕ್ಕಿಯಾಗಿ ಕೂರಿಸಿದ ಅಕ್ಷರಗಳ ಸಮೂಹವೇ ಪಿಕ್ಸೆಲ್ ಫಾಂಟ್. ಪ್ರತಿಯೊಂದು ಅಕ್ಷರಕ್ಕೂ, ಅದು ಸಣಕಲಾಗಿರಲಿ ದಪ್ಪವಾಗಿರಲಿ, ಒಂದೇ ಅಗಲದ ಜಾಗ ಕೊಟ್ಟರೆ ಅದು ಸಮ ಅಗಲದ ಫಾಂಟ್ ಎನಿಸುತ್ತದೆ.

ಸಮ ಅಗಲದ ಕಲ್ಪನೆ ಬಂದದ್ದು ಬೆರಳಚ್ಚು ಯಂತ್ರದಿಂದ. ಕೀಲಿಯೊಂದನ್ನು ಒತ್ತಿದಾಗ ಕಾಗದ ಹೊತ್ತ ಬಂಡಿ ಒಂದು ಹಲ್ಲಿನಷ್ಟು ಮುಂದೆ ಸರಿಯುತ್ತಿತ್ತು. ಆ ಹಲ್ಲಿಗೆ ಒತ್ತಿದ ಅಕ್ಷರ ಯಾವುದೆಂಬ ಅರಿವಿರಲಿಲ್ಲವಾದ್ದರಿಂದ ಎಲ್ಲ ಅಕ್ಷರಗಳೂ ಒಂದೇ ಅಗಲಕ್ಕೆ ಒಗ್ಗಿಕೊಳ್ಳಬೇಕಾಯಿತು. ಗಣಕಯಂತ್ರದ ಪರದೆಗಳು ಈ ಕ್ರಮವನ್ನೇ ಮುಂದುವರಿಸಿದವು. 1928ರಲ್ಲಿ ಐಬಿಎಂ ಕಂಪನಿ ರೂಪಿಸಿದ ರಂಧ್ರ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. 1981ರಲ್ಲಿ ಅದೇ ಕಂಪನಿಯ ಪರ್ಸನಲ್ ಕಂಪ್ಯೂಟರ್ ಬಂದಾಗ ಅದರ ಪರದೆಯ ಸಾಲಿನಲ್ಲಿಯೂ 80 ಅಕ್ಷರಗಳೇ ಇದ್ದವು. ಅದರ ಏಕವರ್ಣ ಪರದೆಯಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 350 ಚುಕ್ಕಿಗಳಿದ್ದುದರಿಂದ, 80 ಅಕ್ಷರಗಳ 25 ಸಾಲುಗಳಿಗೆ ಭಾಗಿಸಿದಾಗ ಪ್ರತಿ ಅಕ್ಷರಕ್ಕೆ 9 ಚುಕ್ಕಿ ಅಗಲ, 14 ಚುಕ್ಕಿ ಎತ್ತರದ ಮನೆ ದೊರೆಯುತ್ತಿತ್ತು. ಪರದೆಯ ಪೂರ್ಣ ಚಿತ್ರವನ್ನು ನೆನಪಿನಲ್ಲಿಟ್ಟುಕೊಳ್ಳುವ ಬದಲು ಯಾವ ಮನೆಯಲ್ಲಿ ಯಾವ ಅಕ್ಷರ ಎಂಬ ಸಂಖ್ಯೆಯನ್ನಷ್ಟೇ ಇಟ್ಟುಕೊಂಡರೆ ಸಾಕಾಗುತ್ತಿದ್ದುದರಿಂದ, ಮೆಮೊರಿ ದುಬಾರಿಯಾಗಿದ್ದ ಆ ದಿನಗಳಲ್ಲಿ ಇದು ದೊಡ್ಡ ಉಳಿತಾಯವೇ ಆಗಿತ್ತು. 1984ರ ಮ್ಯಾಕಿಂಟೋಷ್ ಗಣಕಕ್ಕಾಗಿ ಸೂಸಾನ್ ಕೇರ್ ಚುಕ್ಕಿಗಳಲ್ಲಿ ಕೂರಿಸಿದ ಮೊನಾಕೊ ಸಮ ಅಗಲದ್ದು. ಪೀಟರ್ ಹಲ್ ರೂಪಿಸಿದ ವಿಟಿ323 ಎಂಬ ಇತ್ತೀಚಿನ ಫಾಂಟು ಡಿಇಸಿ ಕಂಪನಿಯ ಹಳೆಯ ವಿಟಿ320 ಟರ್ಮಿನಲ್ಲಿನ ಅಕ್ಷರಗಳನ್ನು ಇಂದಿನ ಪರದೆಗೆ ಮರಳಿ ತಂದಿದೆ.

ಹಳೆಯ ಕಾಲದ ನೋಟಕ್ಕಾಗಿ ಇಂಥ ಫಾಂಟುಗಳನ್ನು ಆಟಗಳಲ್ಲಿ, ಭಿತ್ತಿಪತ್ರಗಳಲ್ಲಿ ಬಳಸುವುದುಂಟು. ಆದರೆ ಚುಕ್ಕಿ ಅಕ್ಷರವನ್ನು ಹಳಹಳಿಕೆಯ ವಸ್ತುವೆಂದು ಮಾತ್ರ ಭಾವಿಸುವುದು ತಪ್ಪು. ಬಸ್ಸಿನ ಹಣೆಯ ಮೇಲಿನ ದೀಪದ ಫಲಕ, ನಿರ್ವಾಹಕನ ಕೈಯಲ್ಲಿರುವ ಚೀಟಿ ಯಂತ್ರ, ಅಂಗಡಿಯ ತೂಕದ ಯಂತ್ರ, ವಿದ್ಯುತ್ ಮೀಟರು, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಯಲ್ಲಿರುವ ಬೆರಳುದ್ದದ ಪರದೆ, ಇವೆಲ್ಲ ಇಂದಿಗೂ ಕೆಲವೇ ಚುಕ್ಕಿಗಳಲ್ಲಿ ಮಾತಾಡುತ್ತವೆ. ಅಲ್ಲಿ ವಕ್ರರೇಖೆಯ ಫಾಂಟನ್ನು ಕುಗ್ಗಿಸಿ ತುರುಕಿದರೆ ಅಕ್ಷರ ಕಲೆಸಿಹೋಗುತ್ತದೆ. ಇಂಗ್ಲಿಷಿಗೆ ಈ ಸಣ್ಣ ಜಾಗದಲ್ಲಿ ಬದುಕುವ ಉಪಾಯ ದಶಕಗಳ ಹಿಂದೆಯೇ ಸಿದ್ಧಿಸಿದೆ: ಅಗಲಕ್ಕೆ 5, ಎತ್ತರಕ್ಕೆ 7, ಒಟ್ಟು 35 ಚುಕ್ಕಿಗಳಿದ್ದರೆ ಅದರ ದೊಡ್ಡಕ್ಷರಗಳೂ ಅಂಕಿಗಳೂ ಸ್ಪಷ್ಟವಾಗಿ ನಿಲ್ಲುತ್ತವೆ. ಕನ್ನಡಕ್ಕೆ ಎಷ್ಟು ಬೇಕು, ಮತ್ತು ಆ ಚುಕ್ಕಿಗಳನ್ನು ಹೇಗೆ ಹಂಚಬೇಕು ಎಂಬುದೇ ಈ ಅಧ್ಯಾಯದ ವಿಚಾರ.

ಈ ಪರೀಕ್ಷೆಗೆ ಹೊರಗಿನಿಂದ ಮಾದರಿ ಪದಗಳನ್ನು ತರಬೇಕಿಲ್ಲ. ಬೆಳಗಾವಿ ಜಿಲ್ಲೆಯ ಪೂರ್ವ ಭಾಗದ ನಾಲ್ಕು ಊರುಗಳಾದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇವುಗಳ ಹೆಸರುಗಳಲ್ಲಿ ಕನ್ನಡ ಲಿಪಿಯ ಹೆಚ್ಚುಕಡಿಮೆ ಎಲ್ಲ ತೊಡಕುಗಳೂ ಅಡಗಿವೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ದಿನವೂ ಹೊತ್ತು ತಿರುಗುವ ಹೆಸರುಗಳಿವು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಷ್ಟೇ ಅಲ್ಲದೆ ಮಹಾರಾಷ್ಟ್ರ, ಗೋವಾಗಳಿಂದಲೂ ಜನ ಸೇರುವಾಗ, ನಿಲ್ದಾಣದ ಗದ್ದಲದಲ್ಲಿ ಬಸ್ಸಿನ ಹಣೆ ಓದಿ ಓಡುವವರಿಗೆ ಅಕ್ಷರದ ಸ್ಪಷ್ಟತೆ ಅಲಂಕಾರದ ಪ್ರಶ್ನೆಯಲ್ಲ.

ಮೊದಲು ಹೆಸರುಗಳು ಯಂತ್ರದೊಳಗೆ ಹೇಗಿರುತ್ತವೆ ಎಂಬುದನ್ನು ನೋಡಬೇಕು. ಯುನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದು, ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವ್ಯಂಜನದಿಂದ ಸ್ವರವನ್ನು ಕಳೆಯುವ ಹಲಂತ ಇವೆಲ್ಲಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ಕಿತ್ತೂರು ಎಂಬ ಹೆಸರನ್ನು ಬಾಯಲ್ಲಿ ಹೇಳುವಾಗ ಮೂರೇ ಅಕ್ಷರ. ಯಂತ್ರದ ಲೆಕ್ಕದಲ್ಲಿ ಅದು ಕ, ಇಕಾರ, ತ, ಹಲಂತ, ಮತ್ತೊಂದು ತ, ಊಕಾರ, ರ, ಉಕಾರ ಎಂಬ ಎಂಟು ಸಂಕೇತಗಳ ಸರಣಿ. ಸವದತ್ತಿ ನಾಲ್ಕು ಅಕ್ಷರ, ಏಳು ಸಂಕೇತ. ರಾಮದುರ್ಗ ನಾಲ್ಕು ಅಕ್ಷರ, ಎಂಟು ಸಂಕೇತ. ಸಂಕೇತಗಳ ಕ್ರಮಕ್ಕೂ ಕಣ್ಣಿಗೆ ಕಾಣುವ ಕ್ರಮಕ್ಕೂ ಎಲ್ಲೆಡೆ ಹೊಂದಿಕೆಯಿಲ್ಲ ಎಂಬುದು ಇನ್ನೂ ಮುಖ್ಯವಾದ ಸಂಗತಿ. ಸವದತ್ತಿಯ ಕೊನೆಯ ಅಕ್ಷರದಲ್ಲಿ ಇಕಾರದ ಸಂಕೇತ ಬರುವುದು ಎರಡನೆಯ ತಕಾರದ ನಂತರ, ಆದರೆ ಅದರ ಚಿಹ್ನೆ ಕೂರುವುದು ಮೇಲಿರುವ ಮೊದಲನೆಯ ತಕಾರದ ತಲೆಯ ಮೇಲೆ. ಎರಡನೆಯ ತಕಾರ ಒತ್ತಾಗಿ ಕೆಳಗಿಳಿಯುತ್ತದೆ. ರಾಮದುರ್ಗದಲ್ಲಿ ನಾಲಗೆ ಮೊದಲು ನುಡಿಯುವ, ಯಂತ್ರ ಮೊದಲು ದಾಖಲಿಸುವ ರಕಾರ, ಬರಹದಲ್ಲಿ ಅರ್ಕಾವತ್ತಾಗಿ ಗಕಾರದ ಬಲಕ್ಕೆ, ಎಲ್ಲದರ ಕೊನೆಗೆ ಹೋಗಿ ನಿಲ್ಲುತ್ತದೆ. ಒಂದು ಸಂಕೇತಕ್ಕೆ ಒಂದು ಮನೆ ಎಂಬ ಇಂಗ್ಲಿಷಿನ ಸಮ ಅಗಲದ ನಿಯಮ ಇಲ್ಲಿ ಮೊದಲ ಹೆಜ್ಜೆಯಲ್ಲಿಯೇ ಮುರಿದುಬೀಳುತ್ತದೆ.

ಕನ್ನಡ ಬೆರಳಚ್ಚು ಯಂತ್ರ ಈ ಸಮಸ್ಯೆಯನ್ನು ಜಾಣತನದಿಂದ ಎದುರಿಸಿತ್ತು. ಕೆ. ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆಯ ಹಾದಿಯಲ್ಲಿ ಬೆಳೆದ ಯಂತ್ರಗಳಲ್ಲಿ ಅಕ್ಷರವನ್ನು ಇಡಿಯಾಗಿ ಅಚ್ಚೊತ್ತದೆ, ಒಡಲು, ತಲೆಕಟ್ಟು, ಸ್ವರಚಿಹ್ನೆ, ಒತ್ತು ಎಂದು ಬಿಡಿಸಿ, ಕೆಲವು ಕೀಲಿಗಳನ್ನು ಒತ್ತಿದಾಗ ಬಂಡಿ ಸರಿಯದೆ ಅಲ್ಲೇ ನಿಲ್ಲುವಂತೆ ಮಾಡಲಾಗಿತ್ತು. ಸರಿಯದ ಕೀಲಿ ಎಂಬ ಈ ಉಪಾಯದಿಂದ ತೊಂಬತ್ತರ ಆಸುಪಾಸಿನ ಅಚ್ಚುಗಳಲ್ಲಿ ಸಾವಿರಾರು ರೂಪಗಳು ಸಾಧ್ಯವಾದವು; ಒತ್ತು ಮೇಲಿನಕ್ಷರಕ್ಕೆ ಸರಿಯಾಗಿ ಕೂಡದೆ ಅತ್ತಿತ್ತ ಜಾರುವುದು ಅದಕ್ಕೆ ತೆತ್ತ ಬೆಲೆ. ಗಣಕದ ಕಾಲದಲ್ಲಿ, 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಆರಂಭವಾಗಿ ಬಳಿಕ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನವು, ಇಂಗ್ಲಿಷಿಗಾಗಿ ಮಾಡಿದ ಪರದೆಯ ಮೇಲೆ ಭಾರತೀಯ ಲಿಪಿಗಳನ್ನು ಮೂಡಿಸುವ ಕಾರ್ಡನ್ನು ಗಣಕದೊಳಗೆ ಕೂರಿಸಿತು. 1991ರ ಇಸ್ಕಿ ಮಾನಕವು ಸಂಕೇತ ಬೇರೆ, ರೂಪ ಬೇರೆ ಎಂಬ ತತ್ವವನ್ನು ಗಟ್ಟಿ ಮಾಡಿತು; ಯುನಿಕೋಡ್ ಕನ್ನಡವೂ ಅದೇ ತಳಹದಿಯ ಮೇಲೆ ನಿಂತಿದೆ. ಇದು ಸರಿಯಾದ ತತ್ವವೇ, ಆದರೆ ಇದರಿಂದ ಚುಕ್ಕಿಗಳ ಸಮಸ್ಯೆ ಬಗೆಹರಿಯಲಿಲ್ಲ, ಫಾಂಟು ಮಾಡುವವನ ಹೆಗಲಿಗೆ ವರ್ಗವಾಯಿತು.

ಎಲ್ಲ ಅಕ್ಷರರೂಪಗಳನ್ನೂ ಮೊದಲೇ ಬರೆದಿಟ್ಟರೆ ಆಗದೆ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿದರೆ ಉತ್ತರ ತಿಳಿಯುತ್ತದೆ. ಸಾಂಪ್ರದಾಯಿಕ ವರ್ಣಮಾಲೆಯ 34 ವ್ಯಂಜನಗಳಿಗೆ 13 ಸ್ವರಗಳನ್ನೂ ಹಲಂತವನ್ನೂ ಸೇರಿಸಿದರೆ ಒತ್ತಿಲ್ಲದ ಗುಣಿತಾಕ್ಷರಗಳೇ 476 ಆಗುತ್ತವೆ. ಪ್ರತಿ ವ್ಯಂಜನಕ್ಕೂ ಇನ್ನೊಂದರ ಒತ್ತು ಬರಬಹುದೆಂದು ಎಣಿಸಿದರೆ 34ನ್ನು 34ರಿಂದ, ಬಳಿಕ 14ರಿಂದ ಗುಣಿಸಿ 16,184 ರೂಪಗಳು ದೊರೆಯುತ್ತವೆ. ಅಡ್ಡಕ್ಕೂ ಉದ್ದಕ್ಕೂ 16 ಚುಕ್ಕಿಗಳ ಚೌಕದಲ್ಲಿ 256 ಚುಕ್ಕಿಗಳಿದ್ದು, ಎಂಟು ಚುಕ್ಕಿಗಳಿಗೆ ಒಂದು ಬೈಟ್‌ನಂತೆ ಒಂದು ರೂಪಕ್ಕೆ 32 ಬೈಟ್ ಬೇಕು. ಒಟ್ಟು ಐದು ಲಕ್ಷ ಬೈಟ್‌ಗಿಂತಲೂ ಹೆಚ್ಚು. ಇಂಗ್ಲಿಷಿನ 256 ಚಿಹ್ನೆಗಳ ಇಡೀ ಸಮೂಹಕ್ಕೆ, 8 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಅಳತೆಯಲ್ಲಿ, 4,096 ಬೈಟ್ ಸಾಕು. ಇಂದಿನ ಮೊಬೈಲಿಗೆ ಐದು ಲಕ್ಷ ಬೈಟ್ ಏನೂ ಅಲ್ಲವಾದರೂ, ಫಲಕಗಳನ್ನು ನಡೆಸುವ ಅಗ್ಗದ ನಿಯಂತ್ರಕ ಚಿಪ್ಪುಗಳಿಗೆ ಅದು ಭಾರವೇ; ಎಲ್ಲಕ್ಕಿಂತ ಮಿಗಿಲಾಗಿ, 16,184 ರೂಪಗಳನ್ನು ಚುಕ್ಕಿಯಿಟ್ಟು ತಿದ್ದುವ ಕೈ ಯಾವುದು? ಆದ್ದರಿಂದ ಒಡಲು, ತಲೆ, ಒತ್ತುಗಳನ್ನು ಬಿಡಿಬಿಡಿಯಾಗಿ ಬರೆದು, ಕೂಡಿಸುವ ನಿಯಮಗಳನ್ನು ಜೊತೆಗಿಡುವುದೇ ಸರಿಯಾದ ದಾರಿ. ಬೆರಳಚ್ಚು ಯಂತ್ರದ ಉಪಾಯವೇ ಇಲ್ಲಿ ಹೆಚ್ಚು ನಿಖರವಾಗಿ ಮರಳುತ್ತದೆ.

ಹದಿನಾರರ ಚೌಕದಲ್ಲಿ ಗಕಾರವನ್ನು ಕಟ್ಟುವ ಬಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಗಕಾರದ ಒಡಲು ಕೆಳಕ್ಕೆ ಬಾಯಿ ತೆರೆದ ಕಮಾನು. ಕಮಾನಿನ ನೆತ್ತಿಯ ಸಾಲಿನಲ್ಲಿ ಎಡಕ್ಕೆ ನಾಲ್ಕು ಮನೆ ಖಾಲಿ ಬಿಟ್ಟು, ನಡುವಿನ ಎಂಟನ್ನು ತುಂಬಿ, ಬಲಕ್ಕೆ ನಾಲ್ಕನ್ನು ಮತ್ತೆ ಖಾಲಿ ಬಿಟ್ಟರೆ, ಯಂತ್ರದ ಪಾಲಿಗೆ ಆ ಸಾಲು 15 ಮತ್ತು 240 ಎಂಬ ಎರಡು ಬೈಟ್‌ಗಳು. ಕಾಲುಗಳು ಇಳಿಯುವ ಸಾಲುಗಳಲ್ಲಿ ಎಡತುದಿಯ ಎರಡು ಮನೆ ಬಿಟ್ಟು ಎರಡನ್ನು, ಬಲತುದಿಯ ಎರಡು ಬಿಟ್ಟು ಅದರ ಹಿಂದಿನ ಎರಡನ್ನು ತುಂಬಿದರೆ 48 ಮತ್ತು 12. ನೆತ್ತಿಯಿಂದ ಕಾಲಿಗೆ ತಿರುಗುವ ಮೂಲೆಯೇ ಕಷ್ಟದ ಜಾಗ: ಅಲ್ಲಿ ಒಂದು ಚುಕ್ಕಿ ಹೆಚ್ಚಾದರೆ ಕಮಾನು ಪೆಟ್ಟಿಗೆಯಾಗುತ್ತದೆ, ಒಂದು ಕಡಿಮೆಯಾದರೆ ಗೆರೆ ಕಡಿದಂತೆ ಕಾಣುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳು ಹೆಚ್ಚು, ಅವು ಜಾಲದ ಗೆರೆಗಳ ಮೇಲೆಯೇ ಮಲಗುತ್ತವೆ. ಕನ್ನಡದಲ್ಲಿ ದುಂಡುಗಳೇ ಹೆಚ್ಚಾದ್ದರಿಂದ ಪ್ರತಿ ಅಕ್ಷರದಲ್ಲಿಯೂ ಇಂಥ ನಾಲ್ಕಾರು ಮೂಲೆಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ, ಮತ್ತು ಯಾವ ಗಣಿತ ಸೂತ್ರವೂ ಆ ಕೆಲಸವನ್ನು ಮನುಷ್ಯನ ಕಣ್ಣಿನಷ್ಟು ಚೆನ್ನಾಗಿ ಮಾಡುವುದಿಲ್ಲ.

ಅರ್ಥವನ್ನೇ ಹೊತ್ತಿರುವ ಚುಕ್ಕಿಗಳೂ ಇವೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಬುಡದಲ್ಲಿನ ಒಂದು ಸೀಳುಗೆರೆ. ಹದಿನಾರರ ಚೌಕದಲ್ಲಿ ಅದಕ್ಕೆ ದೊರೆಯುವುದು ಒಂದು ಚುಕ್ಕಿ ಅಗಲ, ಎರಡು ಇಲ್ಲವೆ ಮೂರು ಚುಕ್ಕಿ ಎತ್ತರ. ಆ ಮೂರು ಚುಕ್ಕಿಗಳು ಅಳಿಸಿದರೆ ಧನ ದನವಾಗುತ್ತದೆ. ಡಕಾರ ಢಕಾರಗಳ, ಬಕಾರ ಭಕಾರಗಳ ನಡುವೆಯೂ ಇದೇ ಸೂಕ್ಷ್ಮ. ಆದ್ದರಿಂದ ಸಣ್ಣ ಗಾತ್ರದ ಕನ್ನಡ ಚುಕ್ಕಿ ಫಾಂಟಿನಲ್ಲಿ ಮಹಾಪ್ರಾಣದ ಸೀಳನ್ನು ಅದರ ಸಹಜ ಪ್ರಮಾಣಕ್ಕಿಂತ ಉದ್ದ ಮಾಡಿ, ಅದರ ಎರಡೂ ಬದಿಗೆ ಒಂದೊಂದು ಮನೆಯನ್ನು ಕಡ್ಡಾಯವಾಗಿ ಖಾಲಿ ಬಿಡಬೇಕು. ಅಂದ ಸ್ವಲ್ಪ ಕೆಟ್ಟರೂ ಓದು ಕೆಡಬಾರದು.

ಎತ್ತರದ ಹಂಚಿಕೆ ಇದಕ್ಕಿಂತ ಬಿಗಿಯಾದ ಲೆಕ್ಕ. ಕನ್ನಡದ ಸಾಲಿಗೆ ಮೂರು ಅಂತಸ್ತುಗಳಿವೆ: ತಲೆಕಟ್ಟು ಮತ್ತು ಇಕಾರ, ಎಕಾರಗಳು ಕೂರುವ ಮೇಲಂತಸ್ತು, ಒಡಲು ನಿಲ್ಲುವ ನಡುವಂತಸ್ತು, ಒತ್ತುಗಳೂ ಐಕಾರದ ಬಾಲವೂ ಇಳಿಯುವ ಕೆಳಂತಸ್ತು. ಹದಿನಾರು ಸಾಲುಗಳಲ್ಲಿ ತಲೆಗೆ 3, ಒಡಲಿಗೆ 8, ಒಡಲಿಗೂ ಒತ್ತಿಗೂ ನಡುವಿನ ತೆರಪಿಗೆ 1, ಒತ್ತಿಗೆ 4 ಎಂದು ಕೊಟ್ಟರೆ ಹದಿನಾರೂ ಮುಗಿದು, ಮುಂದಿನ ಸಾಲಿಗೂ ಇದಕ್ಕೂ ನಡುವೆ ಉಸಿರಾಡಲು ಜಾಗವೇ ಉಳಿಯುವುದಿಲ್ಲ. ನಾಲ್ಕು ಊರುಗಳಲ್ಲಿ ರಾಮದುರ್ಗವೊಂದೇ ಕೆಳಂತಸ್ತನ್ನು ಮುಟ್ಟದ ಹೆಸರು, ಅದೂ ರ್ಗ ಎಂಬುದನ್ನು ಅರ್ಕಾವತ್ತಿನಿಂದ ಬರೆದಾಗ ಮಾತ್ರ. ರಕಾರವನ್ನು ಪೂರ್ಣವಾಗಿ ಬರೆದು ಗಕಾರವನ್ನು ಒತ್ತಾಗಿ ಇಳಿಸುವ ಇನ್ನೊಂದು ಪದ್ಧತಿಯಲ್ಲಿ ಅದೂ ಕೆಳಗಿಳಿಯುತ್ತದೆ. ಸಾಲು ಕಡಿಮೆಯಿರುವ ಫಲಕದಲ್ಲಿ ಅರ್ಕಾವತ್ತೇ ಮೇಲು, ಏಕೆಂದರೆ ಅದು ಅಗಲವನ್ನು ಕೇಳುತ್ತದೆಯೇ ಹೊರತು ಎತ್ತರವನ್ನು ಕೇಳುವುದಿಲ್ಲ. ಈ ಸೀಮೆಯಲ್ಲಿ ಚುಕ್ಕಿ ಫಾಂಟಿಗೆ ಒಡ್ಡಬಹುದಾದ ಅತಿ ಕಠಿಣ ಪರೀಕ್ಷೆಯೆಂದರೆ ಯಲ್ಲಮ್ಮನಗುಡ್ಡ: ಒಂದೇ ಹೆಸರಿನಲ್ಲಿ ಮೂರು ಒತ್ತುಗಳು. ಅವುಗಳಲ್ಲಿ ಡಕಾರದ ಒತ್ತು ಡಕಾರದ್ದೇ ಮರಿ, ಆದರೆ ಲಕಾರ ಮಕಾರಗಳ ಒತ್ತುಗಳಿಗೆ ತಮ್ಮ ಮೂಲಾಕ್ಷರಗಳಿಗಿಂತ ಬೇರೆಯೇ ರೂಪ. ತ, ನ, ಯ, ರ ಇವುಗಳ ಒತ್ತುಗಳೂ ಹಾಗೆಯೇ. ರೂಪ ಬೇರೆಯಾಗಿರುವುದು ವಿನ್ಯಾಸಕಾರನಿಗೆ ಅನುಕೂಲ, ನಾಲ್ಕೇ ಸಾಲಿನಲ್ಲಿ ಕುಡಿಯೊಂದರ ತಿರುವಿನಿಂದಲೇ ಅವುಗಳನ್ನು ಗುರುತಿಸಬಹುದು. ಡಕಾರದಂಥ ಮರಿ ಒತ್ತುಗಳೇ ನಾಲ್ಕು ಸಾಲಿನಲ್ಲಿ ಮುದ್ದೆಯಾಗುವುದು.

ಇನ್ನು ಅಗಲ. ಚೀನೀ, ಜಪಾನೀ ಗಣಕಗಳಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ, ತಮ್ಮ ಅಕ್ಷರಕ್ಕೆ ಎರಡು ಮನೆ ಎಂಬ ನಿಯಮ ಬಹಳ ಹಿಂದೆಯೇ ನೆಲೆಯೂರಿತು. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಎರಡೆಂಬ ನಿಯಮ ಸಾಲದು. ಆದರೆ ಎಂಟು ಚುಕ್ಕಿ ಅಗಲದ ಮನೆಯೊಂದನ್ನು ಅಳತೆಗೋಲಾಗಿ ಹಿಡಿದು, ಅಕ್ಷರದ ಅಗಲ ಯಾವಾಗಲೂ ಅದರ ಪೂರ್ಣ ಮಡಿಕೆಯೇ ಆಗಿರಬೇಕೆಂದು ಕಟ್ಟಿದರೆ ಸಮ ಅಗಲದ ಶಿಸ್ತೂ ಉಳಿಯುತ್ತದೆ, ಲಿಪಿಯ ಸ್ವಭಾವವೂ ಉಳಿಯುತ್ತದೆ. ಸಾಮಾನ್ಯ ಒಡಲಿಗೆ ಎರಡು ಮನೆ, ಬಾಲವಿರುವ ಮಕಾರಕ್ಕೆ ಮೂರು, ಬಲಕ್ಕೆ ಚಾಚುವ ಆಕಾರ, ಉಕಾರ, ಊಕಾರ, ಒಕಾರ, ಅನುಸ್ವಾರ, ಅರ್ಕಾವತ್ತು, ಐಕಾರದ ಬಾಲ ಇವಕ್ಕೆ ಒಂದೊಂದು. ಹೀಗೆ ಎಣಿಸಿದರೆ ಕಿತ್ತೂರಿಗೆ 8 ಮನೆ ಸಾಕು, ಏಕೆಂದರೆ ಅಲ್ಲಿ ತಕಾರದ ಒತ್ತು ಊಕಾರದ ಮನೆಯ ಕೆಳಗೇ ಜಾಗ ಹಿಡಿಯುತ್ತದೆ. ಸವದತ್ತಿಯಲ್ಲಿ ಒತ್ತಿಗೆ ಅಂಥ ಆಸರೆ ಇಲ್ಲದ್ದರಿಂದ ಅದಕ್ಕೆ ಬಲಗಡೆ ಒಂದು ಮನೆ ಸೇರಿಸಿ 9, ರಾಮದುರ್ಗಕ್ಕೆ 12, ಐಕಾರ, ಒಕಾರ, ಅನುಸ್ವಾರ ಮೂರೂ ಇರುವ ಬೈಲಹೊಂಗಲಕ್ಕೆ 13. ವಿದ್ಯಾರ್ಥಿಗಳು ಬಳಸುವ ಸಣ್ಣ ಓಎಲ್ಇಡಿ ಪರದೆಯಲ್ಲಿ ಅಡ್ಡಕ್ಕೆ 128, ಉದ್ದಕ್ಕೆ 64 ಚುಕ್ಕಿಗಳಿರುವುದರಿಂದ ಸಾಲಿಗೆ 16 ಮನೆಗಳಂತೆ ನಾಲ್ಕು ಸಾಲು ಸಿಗುತ್ತದೆ. ನಾಲ್ಕು ಊರೂ ಒಂದೊಂದು ಸಾಲಿನಲ್ಲಿ ನಿಲ್ಲುತ್ತವೆ. ನಿಲ್ಲುತ್ತವೆ ನಿಜ, ಆದರೆ ಕಿತ್ತೂರಿನ ಒತ್ತು ಅದರ ಕೆಳಸಾಲಿನ ಹೆಸರಿನ ತಲೆಕಟ್ಟಿಗೆ ತಾಗುತ್ತದೆ. ಮೂರೇ ಸಾಲು ಮಾಡಿ ಪ್ರತಿಯೊಂದಕ್ಕೂ 21 ಚುಕ್ಕಿ ಎತ್ತರ ಕೊಟ್ಟರೆ ಓದು ಹಗುರಾಗುತ್ತದೆ.

ದೀಪದ ಫಲಕದಲ್ಲಿ ಕಣ್ಣಿನ ವಿಜ್ಞಾನವೂ ಸೇರಿಕೊಳ್ಳುತ್ತದೆ. ಭಾರತದ ಅಂಗಡಿ ಬೀದಿಗಳಲ್ಲಿ ಎಲ್ಲೆಲ್ಲೂ ಕಾಣುವ ಪಿ10 ಎಂಬ ಫಲಕದ ತುಂಡಿನಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 16, ಒಟ್ಟು 512 ದೀಪಗಳಿದ್ದು, ಒಂದರಿಂದ ಇನ್ನೊಂದಕ್ಕೆ 10 ಮಿಲಿಮೀಟರ್ ಅಂತರ. ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಕೋನ ಸುಮಾರು ಒಂದು ಕಲೆ, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 10 ಮಿಲಿಮೀಟರ್ ಅಂತರ ಈ ಕೋನಕ್ಕೆ ಇಳಿಯುವುದು ಸುಮಾರು 34 ಮೀಟರ್ ದೂರದಲ್ಲಿ. ಅದರಾಚೆ ಒಂದೊಂದೇ ದೀಪ ಕಾಣದೆ ಗೆರೆ ಅಖಂಡವಾಗಿ ಕಾಣುವುದು ಒಳ್ಳೆಯದೇ; ಆದರೆ ಒಡಲಿಗೂ ಒತ್ತಿಗೂ ನಡುವೆ ಬಿಟ್ಟ ಒಂದು ಚುಕ್ಕಿಯ ತೆರಪೂ, ಧಕಾರದ ಸೀಳೂ ಅಲ್ಲಿ ಕರಗಿಹೋಗುತ್ತವೆ. ರಾತ್ರಿ ದೀಪದ ಪ್ರಭೆ ಸುತ್ತ ಹರಡುವುದರಿಂದ ಈ ಕರಗುವಿಕೆ ಇನ್ನೂ ಹತ್ತಿರದಲ್ಲಿಯೇ ಆರಂಭವಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಈ 34 ಮೀಟರನ್ನು ಮೂರೂವರೆ ಸೆಕೆಂಡಿನೊಳಗೆ ದಾಟುತ್ತದೆ. ನಾಲ್ಕು ತುಂಡುಗಳ, 128 ಚುಕ್ಕಿ ಅಗಲದ ಫಲಕದಲ್ಲಿ ಬೈಲಹೊಂಗಲ ಮತ್ತು ಸವದತ್ತಿ ಎರಡನ್ನೂ ನಡುವೆ ಒಂದು ಮನೆ ಬಿಟ್ಟು ಒಟ್ಟಿಗೆ ಬರೆಯಲು 184 ಚುಕ್ಕಿ ಬೇಕಾಗುವುದರಿಂದ ಅದನ್ನು ಓಡುವ ಸಾಲಾಗಿ ಹಾಕುವುದು ರೂಢಿ. ಸೆಕೆಂಡಿಗೆ 30 ಚುಕ್ಕಿಯಂತೆ ಓಡಿದರೂ ಆ ಸಾಲು ಪೂರ್ತಿ ಬಂದು ಪೂರ್ತಿ ಹೋಗಲು ಹತ್ತು ಸೆಕೆಂಡು ಹಿಡಿಯುತ್ತದೆ. ಅಂದರೆ ರಸ್ತೆಬದಿಯಲ್ಲಿ ನಿಂತವರಿಗೆ ಸಿಗುವುದು ಹೆಸರಿನ ಒಂದು ತುಂಡು. ಎರಡು ಹೆಸರುಗಳನ್ನು ಓಡಿಸದೆ, ಒಂದಾದ ಮೇಲೊಂದರಂತೆ ಒಂದೂವರೆ ಸೆಕೆಂಡು ನಿಲ್ಲಿಸಿ ತೋರಿಸಿದರೆ, ಅದೇ ಮೂರೂವರೆ ಸೆಕೆಂಡಿನಲ್ಲಿ ಎರಡೂ ಓದಿಗೆ ದಕ್ಕುತ್ತವೆ. ಇದಕ್ಕೆ ಹೆಚ್ಚು ದೀಪ ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ.

ಸಮ ಅಗಲದ ನಿಜವಾದ ಪ್ರಯೋಜನ ಕಾಣುವುದು ಫಲಕಕ್ಕಿಂತ ಕಾಗದದ ಮೇಲೆ. ಬಿಸಿ ತಾಗಿದಲ್ಲಿ ಕಪ್ಪಾಗುವ 58 ಮಿಲಿಮೀಟರ್ ಅಗಲದ ಕಾಗದದ ಮೇಲೆ ಮುದ್ರಿಸುವ ಸಾಮಾನ್ಯ ಚೀಟಿ ಯಂತ್ರದಲ್ಲಿ ಸಾಲಿಗೆ 384 ಚುಕ್ಕಿಗಳು, ಮಿಲಿಮೀಟರಿಗೆ ಎಂಟರಂತೆ. ಇಂಗ್ಲಿಷ್ ಅಕ್ಷರಕ್ಕೆ 12 ಚುಕ್ಕಿ ಅಗಲ, 24 ಚುಕ್ಕಿ ಎತ್ತರ ಕೊಟ್ಟು ಸಾಲಿಗೆ 32 ಅಕ್ಷರ ಮುದ್ರಿಸುವುದು ಅಲ್ಲಿಯ ಪದ್ಧತಿ. ಕನ್ನಡ ಒಡಲಿಗೆ ಎರಡು ಮನೆಯಂತೆ 24ರ ಚೌಕ ಸಿಗುತ್ತದೆ, ಕಾಗದದ ಮೇಲೆ ಅದು 3 ಮಿಲಿಮೀಟರ್. ತಲೆಗೆ 5, ಒಡಲಿಗೆ 11, ತೆರಪಿಗೆ 1, ಒತ್ತಿಗೆ 7 ಎಂದು ಹಂಚಿದರೆ ಮಹಾಪ್ರಾಣದ ಸೀಳೂ ಡಕಾರದ ಒತ್ತೂ ಎರಡೂ ಬದುಕುತ್ತವೆ. ಅಗಲ ಮನೆಯ ಮಡಿಕೆಯಲ್ಲಿರುವುದರಿಂದ ಊರಿನ ಹೆಸರು ಎಷ್ಟು ಉದ್ದವಾದರೂ ದರದ ಅಂಕಿಗಳು ಕಂಬಸಾಲಿನಲ್ಲಿ ನೇರವಾಗಿ ನಿಲ್ಲುತ್ತವೆ. 2000ದ ಸುಮಾರಿಗೆ ಭೂಮಿ ಯೋಜನೆಯಡಿ ಕರ್ನಾಟಕದ ಆಗಿನ 177 ತಾಲ್ಲೂಕುಗಳ ಪಹಣಿಗಳು, ಈ ಭಾಗದ ರೈತರ ಮಾತಿನಲ್ಲಿ ಉತಾರಗಳು, ತಲಾಟಿಯ ಕೈಬರಹದಿಂದ ಗಣಕಕ್ಕೆ ಬಂದವು. ಸರ್ವೆ ನಂಬರು, ಎಕರೆ, ಗುಂಟೆ, ಆಕಾರ ಇವುಗಳೆಲ್ಲ ತಮ್ಮ ತಮ್ಮ ಕಂಬದಲ್ಲಿ ಕದಲದೆ ನಿಲ್ಲಬೇಕಾದ ಇಂಥ ದಾಖಲೆಗಳಲ್ಲಿ ಅಂಕಿಗಳ ಸಮ ಅಗಲ ಅಂದದ ಮಾತಲ್ಲ, ಹಕ್ಕಿನ ಮಾತು. ಗುಂಟೆಯ ಅಂಕಿ ಎಕರೆಯ ಕಂಬಕ್ಕೆ ಸರಿದರೆ ಹೊಲದ ಅಳತೆಯೇ ಬದಲಾಗಿ ಓದಿಸಿಕೊಳ್ಳುತ್ತದೆ.

ಜಾಲದ ಮನೆಗಳನ್ನು ಎಣಿಸಿ ರೂಪ ಕಟ್ಟುವ ವಿದ್ಯೆ ಈ ಸೀಮೆಗೆ ಗಣಕದೊಂದಿಗೆ ಬಂದದ್ದಲ್ಲ. ಧಾರವಾಡ, ಬೆಳಗಾವಿ ಭಾಗದ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆ ಹಾಕುವ ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಅದರ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಸೀರೆಯ ಎರಡೂ ಮಗ್ಗುಲಲ್ಲಿ ಒಂದೇ ತರ ಕಾಣುವ ನೇರ ಗೆರೆ, ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಓರೆ, ನೇಯ್ಗಿ ನೇಯ್ದಂತೆ ತುಂಬುವ ಸಾಲು, ಮೆಂತೆ ಅಡ್ಡಗೂಡಿಸಿದ ಎಳೆ. ಚುಕ್ಕಿ ಫಾಂಟಿನಲ್ಲಿ ಓರೆಗೆರೆಗೆ ಮೆಟ್ಟಿಲಿನ ಹೊರತು ಬೇರೆ ಗತಿಯಿಲ್ಲ. ಮುರ್ಗಿ ಆ ಮೆಟ್ಟಿಲನ್ನೇ ಚೆಲುವನ್ನಾಗಿ ಮಾಡಿದ ಹೊಲಿಗೆ. ರಾಮದುರ್ಗ ನೇಕಾರರ ಊರು. ಅಂಚು ಸೆರಗುಗಳ ವಿನ್ಯಾಸಕ್ಕೆ ನೇಕಾರರು ಬಳಸುವ ಜಕಾರ್ಡ್ ಸಾಧನದಲ್ಲಿ, ಕಾರ್ಡಿನ ಒಂದು ರಂಧ್ರ ಒಂದು ಎಳೆ ಏಳಬೇಕೋ ಬೇಡವೋ ಎಂಬುದನ್ನು ಹೇಳುತ್ತದೆ. ಫ್ರಾನ್ಸಿನಲ್ಲಿ 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಳಕೆಗೆ ಬಂದ ಈ ತತ್ವವೇ 1890ರ ಅಮೆರಿಕದ ಜನಗಣತಿಯಲ್ಲಿ ಎಂಜಿನಿಯರ್ ಹಾಲರಿತ್ ಬಳಸಿದ ಕಾರ್ಡುಗಳಲ್ಲಿಯೂ, ಅಲ್ಲಿಂದ ಐಬಿಎಂನ 80 ಕಂಬಸಾಲುಗಳ ಕಾರ್ಡಿನಲ್ಲಿಯೂ ಕೆಲಸ ಮಾಡಿತು. ತುಂಬಿದ ಮನೆ, ಖಾಲಿ ಮನೆ ಎಂಬ ಎರಡೇ ಮಾತಿನ ಭಾಷೆ ಮಗ್ಗಕ್ಕೂ ಪರದೆಗೂ ಸಮಾನ.

ಸದ್ಯ ದೊರೆಯುವ ಸಾಧನಗಳಲ್ಲಿ, ರೋಮನ್ ಚಿಬೋರಾ 1998ರಲ್ಲಿ ಆರಂಭಿಸಿದ ಯುನಿಫಾಂಟ್ ಎಂಬ ಮುಕ್ತ ಚುಕ್ಕಿ ಫಾಂಟಿನಲ್ಲಿ ಕನ್ನಡವೂ ಇದೆ. ಆದರೆ ಅಲ್ಲಿ ಒಂದು ಸಂಕೇತಕ್ಕೆ ಒಂದೇ ರೂಪ ಎಂಬ ಕಟ್ಟುಪಾಡಿರುವುದರಿಂದ ಅದರ ಚುಕ್ಕಿಗಳನ್ನಷ್ಟೇ ಇಟ್ಟುಕೊಂಡು ಸವದತ್ತಿ ಬರೆದರೆ ಒತ್ತು ಕೆಳಗಿಳಿಯದೆ ಹಲಂತದೊಂದಿಗೆ ಬಿಡಿಬಿಡಿಯಾಗಿ ನಿಲ್ಲುತ್ತದೆ. ಸಾಮಾನ್ಯ 16 ಅಕ್ಷರಗಳ ಎಲ್‌ಸಿಡಿ ಪರದೆಗಳಲ್ಲಿ ಬಳಕೆದಾರ ತಾನೇ ಬರೆದುಕೊಳ್ಳಬಹುದಾದ ಚಿಹ್ನೆಗಳು ಎಂಟೇ, ಅವೂ 5ಕ್ಕೆ 8ರ ಅಳತೆಯವು. ಅಲ್ಲಿ ಕನ್ನಡ ಬರೆಯುವ ಪ್ರಯತ್ನ ವ್ಯರ್ಥ. ಓಪನ್‌ಟೈಪ್ ಎಂಬ ಫಾಂಟ್ ವ್ಯವಸ್ಥೆಯಲ್ಲಿ ಪ್ರತಿ ಚುಕ್ಕಿಯನ್ನೂ ಒಂದು ಪುಟ್ಟ ಚೌಕವಾಗಿ ಬರೆದು, ಒತ್ತು, ಅರ್ಕಾವತ್ತು, ಗುಣಿತಗಳ ಕೂಡುವಿಕೆಯನ್ನು ನಿಯಮಗಳಾಗಿ ಸೇರಿಸಿದರೆ ಗಣಕದ ಪರದೆಗೂ ಮುದ್ರಣಕ್ಕೂ ಒಪ್ಪುವ ಕನ್ನಡ ಚುಕ್ಕಿ ಫಾಂಟು ಸಿದ್ಧವಾಗುತ್ತದೆ. ಅದೇ ಚುಕ್ಕಿಗಳನ್ನು ಬೈಟ್‌ಗಳ ಪಟ್ಟಿಯಾಗಿ ಹೊರತೆಗೆದರೆ ಫಲಕದ ಚಿಪ್ಪಿಗೂ ಸಲ್ಲುತ್ತದೆ.

ಬೆಳಗಾವಿಯಲ್ಲಿಯೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವಿದೆ, ಅದರ ಕಾಲೇಜುಗಳಲ್ಲಿ ಓಡುವ ಸಾಲಿನ ಫಲಕವನ್ನು ಯೋಜನಾ ಕೆಲಸವಾಗಿ ಮಾಡುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಅವರು ಇಂಗ್ಲಿಷಿನ ಸಿದ್ಧ ಫಾಂಟಿನಲ್ಲಿ ತಮ್ಮ ಹೆಸರು ಓಡಿಸುವ ಬದಲು, 16 ಸಾಲಿನದೊಂದು, 24 ಸಾಲಿನದೊಂದು ಕನ್ನಡ ಚುಕ್ಕಿ ಅಕ್ಷರಗಳ ಸಮೂಹವನ್ನು ಕಟ್ಟಿ, ಯಾರು ಬೇಕಾದರೂ ಬಳಸುವಂತೆ ಮುಕ್ತವಾಗಿ ಹಂಚಬೇಕು. ಫಲಕ ಕೊಳ್ಳುವವರು, ಎರಡು ಭಾಷೆಗಳಿಗಾಗಿ 32 ಸಾಲಿನ ಫಲಕ ತರಿಸುವಾಗ, ಎರಡಕ್ಕೂ ಹದಿನಾರು ಹದಿನಾರೆಂದು ಪಾಲು ಮಾಡದೆ ಕನ್ನಡಕ್ಕೆ 22, ಇಂಗ್ಲಿಷಿಗೆ 9, ನಡುವೆ ಒಂದು ಸಾಲು ಖಾಲಿ ಎಂದು ಬರೆಸಬೇಕು. ಹಣ ಕೊಡುವ ಮೊದಲು ಯಲ್ಲಮ್ಮನಗುಡ್ಡ ಎಂದು ಬರೆಸಿ, 34 ಮೀಟರ್ ದೂರದಲ್ಲಿ ನಿಂತು ಓದಿ ನೋಡಬೇಕು.